ಉತ್ತಮ ಕ್ಷಮೆಯೂ ಕೊಲ್ಹಾಪುರದ ಇಂಜೆಕ್ಷನ್ನೂ

ನಾನು: ಇವತ್ತ ಉತ್ತಮ ಕ್ಷಮಾ ದಿನ. ಇವತ್ತ ನಾ ಆ ಇಂಜೆಕ್ಷನ್ ತಗೊಳ್ಳಂಗಿಲ್ಲ ಅಂದ್ರ ಇಲ್ಲ!

ಜಿನಮತಿ: ಕ್ಯಾನ್ಸರಿಗಿ ಪರ್ವ ಗೊತ್ತಾಗತೇತೇನ್ರಿ? ಗಾಡಿ ಬಾಗಲದಾಗ ನಿಂತೈತಿ, ಏಳ್ರಿ.

ಹೀಗೆ ಹಟ ಹಿಡಿದು ಕೂತ ಮಹಾಶಯ ನಾನೇ, ನಿಪ್ಪಾಣಿಯ ಆಬಾಸಾಹೇಬ. ನಿನ್ನೆಯವರೆಗೆ ತಂಬಾಕಿನ ವ್ಯಾಪಾರಿ, ಈಗ ಶ್ವಾಸಕೋಶದ ಕ್ಯಾನ್ಸರಿನ ಗಿರಾಕಿ. ಎದುರಿಗಿರುವವಳು ಹೆಂಡತಿ. ನಮ್ಮ ಜೈನರ ದಶಲಕ್ಷಣ ಪರ್ವದ ಮೊದಲ ದಿನ, ಎಲ್ಲರನ್ನೂ ಕ್ಷಮಿಸುವ ದಿನವೇ ಕೊಲ್ಹಾಪುರದ ಡಾಕ್ಟರು ನನ್ನನ್ನು ಕರೆದಿದ್ದರು.

ನಾನು: ಡಾಕ್ಟರ್ ಹೇಳಿದ್ದ ಕೇಳಿಲ್ಲೇನ? ರಕ್ತದಾಗ ರೋಗದ ಜೋಡಿ ಬಡಿದಾಡೂ ಕಣಾ ಅದಾವ. ಅವು ಕೈ ಎತ್ತಿದ್ರ 'ಸಾಕ ಬಿಡ್ರೋ' ಅಂತ ತಡ್ಯೂ ಕಣಾನೂ ಅದಾವ.

ಜಿನಮತಿ: ಬಡಿದಾಡಾವು ಸಿಟ್ಟಿಲೆ ಒಳ್ಳೆ ಮೈಗೂ ಹೊಡೀಬಾರ್ದಂತ ಅವು ಇರಾವು. ಈಗ ಕ್ಯಾನ್ಸರ್ ಗಂಟಿನ ಸುತ್ತ ಗುಂಪ ಕಟ್ಟಿ ಗಂಟನ್ನ ಕಾಯಾಕತ್ತಾವ!

ನಾನು: ಕ್ಷಮಾ ಪಾಲಸಾಕತ್ತಾವ. ಇಂಜೆಕ್ಷನ್ ಚುಚ್ಚಿ ಬಡಿದಾಡೂ ಕಣಾದ ಲಗಾಮ ಬಿಚ್ಚಿದ್ರ ಹೊಡದಾಟ ಹಚ್ಚಿದಂಗ. ಹಬ್ಬದ ದಿನ ಹಿಂಸಾ ನನ್ನ ಕೈಲೆ ಆಗೂದಿಲ್ಲ.

ಜಿನಮತಿ: ಆಹಾಹಾ! ವಖಾರಿ ತುಂಬ ತಂಬಾಕು ಮಾರೂ ಮುಂದ ಈ ಅಹಿಂಸಾ ಚುರಮುರಿ ತಿನ್ನಾಕ ಹೋಗಿತ್ತೇನ್ರಿ?

ನಾನು ಟೋಪಿ ಸರಿಪಡಿಸಿಕೊಂಡೆ. ಇಂಥ ಹೊತ್ತಿಗೆ ಟೋಪಿ ಕೆಲಸಕ್ಕೆ ಬರುತ್ತದೆ.

ನಾನು: ಮಾರೂದು ಬ್ಯಾರೆ...

ಜಿನಮತಿ: ಮಾಲಿನ ಪರೀಕ್ಷಾ ಅಂತ ದಿನಾ ಬೀಡಿ ಎಳದವ್ರ ಯಾರ?

ನಾನು: ಮಾಲ ಎಂಥಾದ್ದೈತಿ ಅಂತ ನೋಡಬೇಕಲಾ?

ಜಿನಮತಿ: ಗೊತ್ತಾತಿಲ್ಲೋ ಈಗ, ಎಂಥಾ ಮಾಲ ಅಂತ!

ನಾನು: ಪರ್ವ ಒಂದ ಮುಗೀಲಿ, ಆಮ್ಯಾಲ ನೋಡೂಣು.

ಜಿನಮತಿ: ತಪ್ಪಸಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ. ಬಸದಿಗಿ ಹೋಗಿ ಮುನಿ ಮಹಾರಾಜರನ್ನೂ ಕೇಳಿ ಬಂದೀನಿ. ಔಷಧ ತಗೊಳ್ಳಿ ಅಂದ್ರು. ಇನ್ನ್ಯಾವ ನೆವಾ ಉಳದೈತಿ, ಹೇಳ್ರಿ.

ಯಾವುದೂ ಉಳಿದಿರಲಿಲ್ಲ. ಧರ್ಮಾತ್ಮನ ವೇಷ ಕಳಚಿಟ್ಟು ನಿಜ ಹೇಳುವುದಷ್ಟೇ ಬಾಕಿ.

ನಾನು: ಅಂಜಿಕಿ ಬಂದೈತಿ, ಜಿನಮತಿ. ಇಂಜೆಕ್ಷನ್ ಆದ ಮ್ಯಾಲ ಸ್ಕ್ಯಾನ್ ಮಾಡ್ತಾರ. ಗಂಟ ಕರಗಿಲ್ಲ ಅಂದ್ರ ಏನ ಮಾಡ್ಲಿ?

ಆಕೆ ಮುಖ ಆ ಕಡೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈ ಕಡೆ ತಿರುಗಿದಾಗ ದನಿ ಮೊದಲಿಗಿಂತ ಜೋರಾಗಿತ್ತು.

ಜಿನಮತಿ: ಇವತ್ತ ನಾ ಊರ ಮಂದಿಗೆಲ್ಲಾ ಕ್ಷಮಾ ಮಾಡ್ತೀನಿ. ಖರೇ, ನನ್ನ ಬಿಟ್ಟ ಹೋಗೂ ವಿಚಾರ ಮಾಡಿದ್ರ, ನಿಮಗೊಬ್ರಿಗೆ ಮಾಡಂಗಿಲ್ಲ!

ನನ್ನ ಮೈಯೊಳಗಿನ ಸಮಾಧಾನದ ಕಣಗಳೆಲ್ಲ ಒಟ್ಟಾಗಿ ಬಂದರೂ ಈಕೆಯನ್ನು ತಡೆಯುವುದು ಆಗದ ಮಾತು. ಚಪ್ಪಲಿ ಮೆಟ್ಟಿದೆ.