ಕೋಡುಬಳೆ ಅದ್ದಬಾರದು

"ಹಲ್ಲು ಕಟ್ಟಿಸ್ಕೊಳ್ರೀ. ನನ್ನ ಕೋಡುಬಳೆನ ಕಾಫೀಲಿ ಅದ್ದಿ ತಿಂತೀರಲ್ಲ, ನನಗೆ ಅವಮಾನ."

ನನ್ನ ಹೆಂಡತಿ ನನಗೆ ಹೇಳಿದ ಕೊನೇ ಮಾತು ಇದು. ಆಸ್ಪತ್ರೆ ಮಂಚದ ಮೇಲೆ ಮಲಗಿ ಹೇಳಿದಳು. ಆಗಲಿ ಕಣೇ ಅಂದೆ. ನಿದ್ದೆ ಹೋದಳು. ಏಳಲಿಲ್ಲ.

ಒಂಟಿಕೊಪ್ಪಲಿನ ಮನೆಗೆ ಒಬ್ಬನೇ ಬಂದೆ. ಅಡುಗೆಮನೆಯಲ್ಲಿ ಡಬ್ಬಿ ಇತ್ತು. ಆಸ್ಪತ್ರೆ ಸೇರೋ ಹಿಂದಿನ ದಿನ ಕರಿದಿಟ್ಟ ಕೋಡುಬಳೆ. ನಾನು ಮುಟ್ಟಲಿಲ್ಲ. ಹಲ್ಲು ಬಂದ ಮೇಲೇ ಅಂತ ಮುಚ್ಚಳ ಒತ್ತಿ ಇಟ್ಟೆ.

ನಾನು ಫೌಜಿನಲ್ಲಿ ಲಾರಿ ಓಡಿಸುತ್ತಿದ್ದವನು. ಹವಾಲ್ದಾರ್ ಆಗಿ ಪಿಂಚಣಿಗೆ ಬಂದೆ. ನಮ್ಮಂಥವರಿಗೆ ಒಂದು ಕಾರ್ಡು ಕೊಟ್ಟಿದ್ದಾರೆ. ಮೊದಲು ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿಗೆ ಹೋಗಬೇಕು. ಅಲ್ಲಿನ ಡಾಕ್ಟರು ಚೀಟಿ ಬರೆದರೆ ಖಾಸಗಿ ಆಸ್ಪತ್ರೆಯಲ್ಲಿ ಪುಕ್ಕಟೆ ನೋಡುತ್ತಾರೆ. ಕಾರ್ಡು, ಚೀಟಿ, ಮುಖ ಮೂರೂ ಹೊಂದಬೇಕು. ಮೂರೂ ಒಂದೇ ದಿನ ಹೊಂದಿದ್ದನ್ನು ನಾನು ನೋಡಿಲ್ಲ. ಅದಕ್ಕೇ ಏನಾದರೂ ಒಂದು ಆಗುತ್ತಲೇ ಇರುತ್ತದೆ.

೧. ರೂಮು

ಮೊದಲು ಅವಳದ್ದೇ ಹೇಳಿಬಿಡುತ್ತೇನೆ.

ಅವಳನ್ನು ಖಾಸಗಿ ಆಸ್ಪತ್ರೆಗೆ ಸೇರಿಸೋ ದಿನ. ಕೌಂಟರಿನ ಹುಡುಗಿ ಕೇಳಿದಳು. "ಅಮ್ಮ, ನಿಮ್ಮ ಯಜಮಾನರ ರ್‍ಯಾಂಕ್ ಏನು? ಅದನ್ನ ನೋಡಿ ರೂಮ್ ಕೊಡೋದು."

"ಹವಾಲ್ದಾರ್ರು."

"ಹಾಗಾದ್ರೆ ರೂಮಿಲ್ಲ, ಜನರಲ್ ವಾರ್ಡು."

"ಅದು ಇವರ ಲೆಕ್ಕ ಕಣಮ್ಮ. ಮನೇಲಿ ಇವರ ಮೇಲೆ ನಾನಿದೀನಿ. ನನಗ್ಯಾವ ರೂಮು?"

ಹುಡುಗಿ ನನ್ನ ಮುಖ ನೋಡಿದಳು. "ಹೌದಾ ಸಾರ್?"

ಕಾಲು ಜೋಡಿಸಿ ನಿಂತೆ. "ಹೌದು ಮೇಡಂ."

ವಾರ್ಡು ಬದಲಾಗಲಿಲ್ಲ. ಕಿಟಕಿ ಪಕ್ಕದ ಮಂಚ ಕೊಟ್ಟರು. ಇವಳು ಪಕ್ಕದ ಮಂಚದಾಕೆಗೆ ಹೇಳಿದಳು. "ನನಗೆ ಬಡ್ತಿ ಸಿಕ್ತು ಕಣ್ರೀ. ಇವರಿಗೆ ಇಪ್ಪತ್ತು ವರ್ಷ ಹಿಡೀತು, ನನಗೆ ಎರಡು ನಿಮಿಷ."

೨. ಮಂಡಿ

ಅವಳ ತಿಥಿ ಮುಗಿಯಿತು. ಹಲ್ಲಿನ ಚೀಟಿಗೆ ಅಂತ ಪಾಲಿಕ್ಲಿನಿಕ್ಕಿಗೆ ಹೋದೆ. ಬೆಂಚಿನ ಮೇಲೆ ಪಕ್ಕದಲ್ಲಿ ಮಂಡಕಳ್ಳಿಯ ಒಬ್ಬ ಸಿಪಾಯಿ. ಅವನ ಬಾಯೂ ನನ್ನ ಬಾಯಿ ಥರವೇ. ಬೋಳು.

"ಮಂಡಿ ಎರಡೂ ಓಗವೆ ಕಣಣ್ಣ. ಕೂತ್ರೆ ಏಳಕ್ಕಾಗಕಿಲ್ಲ. ಪ್ರೈವೇಟ್ ಆಸ್ಪತ್ರೆಗೆ ಬರೆಸ್ಕಬೇಕು" ಅಂದ.

ಅಷ್ಟರಲ್ಲಿ ಡಾಕ್ಟರು ಬಂದರು. ಅವರು ರಿಟೈರಾದ ಮೇಜರ್. ಇಡೀ ಬೆಂಚು ಎದ್ದು ಸಾವಧಾನ್ ನಿಂತಿತು. ಎಲ್ಲರಿಗಿಂತ ಮೊದಲು ಎದ್ದವನು ಮಂಡಕಳ್ಳಿಯವನೇ.

ಮೇಜರ್ ಸಾಹೇಬರು ಅವನ ಕಾಗದ ಓದಿದರು. "ಏಳೋಕಾಗಲ್ಲ ಅಂತ ಬರೆಸಿದೀಯ?"

"ಔದು ಸಾಬ್."

"ಮತ್ತೆ ಈಗ ಎದ್ದದ್ದು ಯಾರು?"

"ನಾನಲ್ಲ ಸಾಬ್. ಅಭ್ಯಾಸ."

"ಸರಿ, ಕೂತ್ಕೊ."

ಕೂರಲಿಲ್ಲ. ಕೂರೋಕೆ ಆಗಲಿಲ್ಲ. ಹಣೆಯಲ್ಲಿ ಬೆವರು. ನಾನೂ ಇನ್ನೊಬ್ಬನೂ ಹಿಡಿದು ಮಡಿಸಿ ಕೂರಿಸಿದೆವು.

ಸಾಹೇಬರು ಅಲ್ಲೇ ಎರಡು ಮಂಡಿಗೂ ಚೀಟಿ ಬರೆದರು. ನನ್ನನ್ನು ನೋಡಿ "ನಿಂದೇನು?" ಅಂದರು. ಬಾಯಿ ತೆಗೆದೆ. ಬೇರೆ ಪರೀಕ್ಷೆ ಬೇಕಾಗಲಿಲ್ಲ.

೩. ಕೆನ್ನೆ

ಚೀಟಿಗೆ ವಾಯಿದೆ ಇರುತ್ತದೆ. ನಾನು ಎರಡು ಸಲ ಹೊರಟೆ, ಎರಡು ಸಲವೂ ಬಸ್ ಸ್ಟಾಪಿನಿಂದ ವಾಪಸ್ ಬಂದೆ. ಆಸ್ಪತ್ರೆ ವಾಸನೆ ನೆನೆದರೆ ಕಾಲು ಮುಂದೆ ಹೋಗುತ್ತಿರಲಿಲ್ಲ. ಕಡೇ ದಿನ ಹೋದೆ.

ಹಲ್ಲಿನ ಆಸ್ಪತ್ರೆ ಕೌಂಟರಿನವನು ಕಾರ್ಡಿನ ಫೋಟೋ ನೋಡಿದ. ನನ್ನನ್ನು ನೋಡಿದ. ಫೋಟೋದಲ್ಲಿ ನನಗೆ ಹಲ್ಲಿತ್ತು. ಕೆನ್ನೆ ಉಬ್ಬಿತ್ತು.

"ಇದು ನೀವಲ್ಲ."

"ನಾನೇ ಸ್ವಾಮಿ."

"ಕೆನ್ನೆ ಬೇರೆ, ಬಾಯಿ ಬೇರೆ. ಹೊಸ ಫೋಟೋ ಹಾಕಿಸಿ ಹೊಸ ಕಾರ್ಡ್ ತನ್ನಿ."

"ಈಗ ಫೋಟೋ ಹೊಡೆಸಿದ್ರೆ ಬೋಳು ಬಾಯಿ ಬರುತ್ತೆ. ಆಮೇಲೆ ನೀವೇ ಹಲ್ಲು ಕಟ್ಟುತ್ತೀರ. ಆಗ ಆ ಕಾರ್ಡೂ ನಾನಲ್ಲ ಅಂತೀರ."

ಅವನು ಯೋಚನೆ ಮಾಡಿದ. "ರೂಲ್ಸ್ ಸಾರ್" ಅಂದ.

ಚೀಟಿ ಅವತ್ತಿಗೆ ಮುಗಿಯುತ್ತಿತ್ತು. ಅವಳಿಗೆ ಆಗಲಿ ಅಂದಿದ್ದೆ. ಸುತ್ತ ನೋಡಿದೆ. ಪಕ್ಕದ ಮೇಜಿನಲ್ಲಿ ನರ್ಸಮ್ಮ ಹತ್ತಿ ಉಂಡೆ ಮಾಡುತ್ತಾ ಕೂತಿದ್ದರು. "ಎರಡು ಕೊಡಿ ತಾಯಿ" ಅಂದೆ. ಈ ಕೆನ್ನೆಗೊಂದು, ಆ ಕೆನ್ನೆಗೊಂದು ತುರುಕಿಕೊಂಡೆ. ಮುಖದ ಪಕ್ಕ ಕಾರ್ಡು ಹಿಡಿದು ನಿಂತೆ.

"ಹ್ಞಾ! ಇದು ನೀವೇ" ಅಂದ. ಸೀಲು ಹೊಡೆದ.

೪. ಸದ್ದು

ನಾಲ್ಕೈದು ಸಲ ಅಚ್ಚು ತೆಗೆದು, ಉಜ್ಜಿ, ಕೊನೆಗೂ ಹಲ್ಲು ಕೊಟ್ಟರು. ಹಲ್ಲಿನ ಡಾಕ್ಟರಮ್ಮ ಹೇಳಿದರು. "ಸ್ವಲ್ಪ ದಿನ ಗಟ್ಟಿ ಪದಾರ್ಥ ಮುಟ್ಟಬೇಡಿ. ಬರೀ ಇಡ್ಲಿ."

ಆಗಲಿ ಅಂದೆ. ಆದರೆ ಹೆಂಡತಿಗೂ ಆಗಲಿ ಅಂದಿದ್ದೆನಲ್ಲ. ಅವಳಿಗೇ ಮೊದಲು ಅಂದದ್ದು.

ಮಾರನೇ ಬೆಳಿಗ್ಗೆ ಡಬ್ಬಿ ಇಳಿಸಿದೆ. ಮನೆಯಲ್ಲಿ ಒಬ್ಬನೇ ತಿನ್ನೋಕೆ ಮನಸ್ಸು ಬರಲಿಲ್ಲ. ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಪಾಲಿಕ್ಲಿನಿಕ್ಕಿಗೆ ಹೋದೆ.

ಮಂಡಕಳ್ಳಿಯವನು ಬಂದಿದ್ದ. ಒಂದು ಮಂಡಿ ಹೊಸದು. ಕೋಲು ಹಿಡಿದು ಎದ್ದು ಕೂತು, ಎದ್ದು ಕೂತು ತೋರಿಸಿದ. ಖುಷಿಗೆ ಅವನಿಗೇ ಮೊದಲು ಕೊಟ್ಟೆ. ಸೀದಾ ಟೀ ಲೋಟದ ಹತ್ತಿರ ಒಯ್ದ.

"ಏಯ್, ಅದ್ದಬೇಡ! ನನ್ನ ಹೆಂಡತಿಗೆ ಅವಮಾನ."

"ನಂಗೆಲ್ಲವೆ ಅಲ್ಲು ಕಡಿಯಕ್ಕೆ?"

"ಹಾಗಾದ್ರೆ ಚೀಪು."

ಚೀಪಿದ. ಅವಳು ಹೇಳಿದ ಮಾತು ಬೆಂಚಿಗೆಲ್ಲ ಹೇಳಿದೆ. ಎಲ್ಲರಿಗೂ ಒಂದೊಂದು ಕೊಟ್ಟೆ. ಯಾರೂ ಅದ್ದಲಿಲ್ಲ. ನಾನೂ ಬಾಯಿಗಿಟ್ಟೆ. ಎಣ್ಣೆ ಸ್ವಲ್ಪ ಕಮಟಾಗಿತ್ತು. ಗರಿಗರಿ ಹಾಗೇ ಇತ್ತು.

ಆಗಲೇ ಮೇಜರ್ ಸಾಹೇಬರು ಬಂದುಬಿಟ್ಟರು.

ಬೆಂಚು ಎದ್ದಿತು. ಎಲ್ಲರ ಬಾಯಲ್ಲೂ ಕೋಡುಬಳೆ. ಸಾವಧಾನ್‌ನಲ್ಲಿ ಅಗಿಯೋ ಹಾಗಿಲ್ಲ. ಆದರೆ ನನ್ನ ಹಲ್ಲು ಹೊಸದು, ಫೌಜಿನ ಶಿಸ್ತು ಅದಕ್ಕೇನು ಗೊತ್ತು? ತಾನಾಗೇ ಕೂಡಿತು. ಕಟುಂ!

"ಯಾರದು ಸದ್ದು?"

"ನಂದು ಸಾಬ್. ಹೊಸ ಹಲ್ಲು."

"ಏನು ತಿಂತಿದೀಯ?"

"ಕೋಡುಬಳೆ ಸಾಬ್. ನನ್ನ ಹೆಂಡತಿ ಮಾಡಿದ್ದು."

ಅವಳಿಗೆ ಆಸ್ಪತ್ರೆ ಚೀಟಿ ಬರೆದವರೂ ಅವರೇ. ಡಬ್ಬಿಯ ಕಡೆ ನೋಡಿದರು. ಆಮೇಲೆ ಕೈ ಚಾಚಿದರು. ಡಬ್ಬಿಯಲ್ಲಿ ಒಂದೇ ಉಳಿದಿತ್ತು. ಕೊಟ್ಟೆ.

ಕೂತ್ಕೊಳ್ಳಿ ಅಂತ ಅವರು ಅನ್ನಲಿಲ್ಲ. ತಾವೂ ನೆಟ್ಟಗೆ ನಿಂತರು. ಕಡಿದರು. ನನ್ನದಕ್ಕಿಂತ ಜೋರು ಸದ್ದು ಬಂತು. ಅರ್ಧ ತಿಂದಿದ್ದರು, ಕ್ಯಾಂಟೀನಿನಾಕೆ ಬಂದು ಅವರ ಮುಂದೆ ಟೀ ಲೋಟ ಹಿಡಿದಳು. ಕೈಯಲ್ಲಿದ್ದ ಅರ್ಧ ಕೋಡುಬಳೆ ಲೋಟದ ಕಡೆಗೆ ಹೋಯಿತು.

"ಅದ್ದಬಾರದು ಸಾಬ್!" ಅಂತ ಇಡೀ ಬೆಂಚು ಒಂದೇ ಸಲ ಕೂಗಿತು.