ರಬ್ಬರ್ ಮಾವನ ಕಾರಿಗೆ ಹಳದಿ ಬುಷ್ಷು

ನಮ್ಮ ಸೋದರಮಾವ ದೇವರಿಗಾದರೂ ಒಂದು ದಿನ ರಜೆ ಕೊಟ್ಟಾರು, ರಬ್ಬರಿಗೆ ಮಾತ್ರ ಕೊಡುವವರಲ್ಲ. ಉತ್ಪ್ರೇಕ್ಷೆ ಅನ್ನಬೇಡಿ! ನನ್ನ ಮದುವೆಗೆ ಅವರು ತಂದ ಉಡುಗೊರೆ ಏನು ಗೊತ್ತೇ? ಬಚ್ಚಲಿಗೆ ಹಾಸುವ ರಬ್ಬರ್ ಚಾಪೆ. ಅದೂ ಒಂದಲ್ಲ, ಎರಡು! ಬೆಳ್ಳಿ ಲೋಟ, ಗೋಡೆ ಗಡಿಯಾರಗಳ ಸಾಲಿನಲ್ಲಿ ಅವೆರಡು ಸುರುಳಿ ಸುತ್ತಿಕೊಂಡು ನಿಂತಿದ್ದವು. ಮದುಮಗನ ಕೈಕುಲುಕುತ್ತಾ, ಸಂಸಾರದಲ್ಲಿ ಜಾರಿ ಬೀಳುವುದು ಬಚ್ಚಲಿನಿಂದಲೇ ಶುರುವಾಗುವುದು ಎಂದು ಉಪದೇಶ ಬೇರೆ ಮಾಡಿದರಂತೆ. ಹನ್ನೆರಡು ವರ್ಷವಾಯಿತು. ಚಾಪೆ ಇನ್ನೂ ಇದೆ, ನಾವು ಯಾರೂ ಜಾರಿ ಬಿದ್ದಿಲ್ಲ. ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಳ್ಳಲೇಬೇಕಲ್ಲ.

ಸಂಪಾಜೆಯ ಹತ್ತಿರ ಗುಡ್ಡದ ಇಳಿಜಾರಿನಲ್ಲಿ ಅವರ ರಬ್ಬರ್ ತೋಟ. ಕೊಡಗೆಂದರೆ ಬರೀ ಕಾಫಿ ಎಂದುಕೊಂಡವರನ್ನು ಕಂಡರೆ ಮಾವನಿಗೆ ಆಗದು. ಘಾಟಿಯ ಮೇಲೆ ಕಾಫಿ ಇದ್ದುಕೊಳ್ಳಲಿ, ಘಾಟಿಯ ಕೆಳಗಿನ ನಾವೇನು ಬೇರೆ ದೇಶದವರೇ ಎಂದು ವಾದಕ್ಕೆ ನಿಲ್ಲುತ್ತಾರೆ. ಬೆಳಕು ಹರಿಯುವ ಮೊದಲೇ ಕತ್ತಿ ಹಿಡಿದು ಮರ ಗೀರುವುದು, ಮರಕ್ಕೆ ಕಟ್ಟಿದ ತೆಂಗಿನ ಚಿರಟೆಗಳಲ್ಲಿ ತುಂಬಿದ ಹಾಲನ್ನು ಸಂಗ್ರಹಿಸುವುದು, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ಶೀಟು ಮಾಡುವುದು, ಹೊಗೆಗೂಡಿನಲ್ಲಿ ಒಣಗಿಸುವುದು, ಇದೇ ಅವರ ಜೀವನ. ಹಸಿ ರಬ್ಬರಿನ ವಾಸನೆ ಮೂಗಿಗೆ ಪರಿಚಯವಿಲ್ಲದವರು ಅವರ ಅಂಗಳದಿಂದಲೇ ವಾಪಸು ಹೋದದ್ದುಂಟು. ಮಾವ ಮಾತ್ರ ಮೂಗೆಳೆದು, ಆಹಾ, ಎನ್ನುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು!

ರಬ್ಬರಿನ ರೇಟು ಬಿದ್ದಾಗ ಅಕ್ಕಪಕ್ಕದವರೆಲ್ಲ ಮರ ಕಡಿದು ರಂಬುಟಾನ್ ಹಣ್ಣಿನ ಗಿಡ ನೆಟ್ಟರು. ಮಾವ ಒಂದೇ ಒಂದು ಮರಕ್ಕೂ ಕೊಡಲಿ ಮುಟ್ಟಿಸಲಿಲ್ಲ. ಮಗಳನ್ನು ಓದಿಸಿದ್ದು, ಮಾಡಿಗೆ ಹೆಂಚು ಹೊದಿಸಿದ್ದು ಇದೇ ಮರದ ಹಾಲು ಎನ್ನುವುದು ಅವರ ವಾದ. ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ರಬ್ಬರಿನ ಅನ್ನ ಉಂಡ ಮನೆಯೊಳಗೆ ಪ್ಲಾಸ್ಟಿಕ್ ಬರಕೂಡದು ಎಂದು ಒಂದು ವ್ರತವನ್ನೂ ಹಿಡಿದರು. ಮದುವೆ ಮನೆಗಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರೆ ಮಾವ ಊಟದ ಕರೆ ಬರುವ ತನಕ ಕಾಂಪೌಂಡಿನ ಗೋಡೆಯ ಮೇಲೆ ಕೂತಿರುತ್ತಾರೆ. ಅವರ ಹೆಂಡತಿ, ನಮ್ಮ ಅತ್ತೆ, ಕುಶಾಲನಗರದ ಸಂತೆಯಿಂದ ತಂದ ಒಂದು ಕೆಂಪು ಬಕೆಟು ದನದ ಹಟ್ಟಿಯಲ್ಲಿ, ಹುಲ್ಲಿನ ಹಿಂದೆ, ಐದು ವರ್ಷ ಅಜ್ಞಾತವಾಸ ಮಾಡಿತು.

ಈ ಅತ್ತೆಯ ವಿಷಯ ಹೇಳಬೇಕು. ನಾಲ್ಕು ವರ್ಷದ ಹಿಂದೆ ಅವರ ಎರಡೂ ಕಿಡ್ನಿಗಳು ಸೋತವು. ಅಂದಿನಿಂದ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಘಾಟಿ ಹತ್ತಿ ಮಡಿಕೇರಿಯ ಆಸ್ಪತ್ರೆಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ನನ್ನ ಕೆಲಸವೂ ಮನೆಯೂ ಮಡಿಕೇರಿಯಲ್ಲೇ ಆದ್ದರಿಂದ ಆ ಎರಡು ದಿನ ಆಸ್ಪತ್ರೆಗೆ ಗಂಜಿ ಒಯ್ಯುವುದು ನನ್ನ ಪಾಲು. ಕರೆತರುವುದು, ಕರೆದೊಯ್ಯುವುದು ಮಾವನ ಪಾಲು. ಅವರಿಬ್ಬರನ್ನೂ ಹೊತ್ತು ತರುವುದು ಇಪ್ಪತ್ತಮೂರು ವರ್ಷ ಹಳೆಯ ಒಂದು ನೀಲಿ ಕಾರಿನ ಪಾಲು.

ಹೊಸ ಕಾರು ತೆಗೆಯಿರಿ ಎಂದು ಸೋಮವಾರಪೇಟೆಗೆ ಮದುವೆಯಾಗಿ ಹೋದ ಮಗಳದ್ದು ಫೋನಿನಲ್ಲಿ ದಿನಾ ಜಗಳ. ಮಾವ ಒಂದೆರಡು ಷೋರೂಮಿಗೆ ಅತ್ತೆಯನ್ನು ಕರೆದುಕೊಂಡು ಹೋದದ್ದೂ ನಿಜ. ಒಂದು ಕಾರಿಗೆ ಹತ್ತಬೇಕು, ಇನ್ನೊಂದಕ್ಕೆ ಇಳಿಯಬೇಕು. ಡಯಾಲಿಸಿಸ್ ಮುಗಿಸಿ ಬರುವಾಗ ಅತ್ತೆಯ ಕಾಲಿನಲ್ಲಿ ಎರಡಕ್ಕೂ ಬಲ ಇರುವುದಿಲ್ಲ. "ಈ ಕಾರಿನ ಸೀಟ್ ನಿನ್ನ ಅವ್ವನ ಮಂಡಿಗೆ ಅಳತೆ ತೆಗ್ದ ಹಾಂಗೆ ಉಟ್ಟು" ಎಂದು ಮಾವ ನಮ್ಮ ಮನೆಮಾತಿನಲ್ಲಿ ಮಗಳಿಗೆ ಹೇಳಿ ಫೋನಿಟ್ಟರು. ಅಲ್ಲಿಗೆ ಹೊಸ ಕಾರಿನ ಕತೆ ಮುಗಿಯಿತು.

ಆದರೆ ಹಳೆಯ ಕಾರು ಸುಮ್ಮನಿರಬೇಕಲ್ಲ! ತಿರುವಿನಲ್ಲಿ ಕಟಕ್, ಹೊಂಡದಲ್ಲಿ ಕಟಕಟಕ್. ಬ್ರೇಕ್ ಹಿಡಿದರೆ ಮೂತಿ ಎಡಕ್ಕೆ. ಸಂಪಾಜೆಯ ಮೆಕ್ಯಾನಿಕ್ ಕಾರಿನಡಿ ನುಗ್ಗಿ ಹೊರಬಂದು ಅಂಗೈಯಲ್ಲಿ ಒಂದು ವಸ್ತು ತೋರಿಸಿದ. ಅಂದು ಜೊತೆಗಿದ್ದ ನಾನು ಹಳಸಿದ ಉದ್ದಿನವಡೆ ಅಂದುಕೊಂಡೆ. ಅದು ಬುಷ್ಷಂತೆ. ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳಿಗೂ ಕಾರಿನ ಮೈಗೂ ನಡುವೆ ಈ ರಬ್ಬರ್ ಬಳೆ ಕೂತಿರುತ್ತದೆ, ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ತಡೆಯುತ್ತದೆ. ಹಾಗಾದರೆ ಇಷ್ಟು ವರ್ಷ ಅತ್ತೆಯನ್ನು ಆಸ್ಪತ್ರೆಗೆ ಹೊತ್ತು ತಂದದ್ದು ರಬ್ಬರೇ ಆಯಿತಲ್ಲ! ಮಾವನ ಎದೆ ಉಬ್ಬಿತು.

ಉಬ್ಬಿದ ಎದೆಗೆ ಮೆಕ್ಯಾನಿಕ್ ಸೂಜಿ ಚುಚ್ಚಿದ. ಅವನ ಮನೆಮಾತು ಮಲಯಾಳ, ಗ್ಯಾರೇಜಿನ ಮಾತು ಕನ್ನಡ, ನಗುವುದು ಮಾತ್ರ ಯಾವ ಭಾಷೆಯಲ್ಲಾದರೂ ಸರಿ. ಈ ಹಳೆ ಕಾರಿಗೆ ಒಳ್ಳೆಯ ರಬ್ಬರ್ ಬುಷ್ ಈಗ ಬರುವುದೇ ಇಲ್ಲ, ಪೇಟೆಯಲ್ಲಿ ಸಿಗುವುದು ಘಾಟಿಯಲ್ಲಿ ನಾಲ್ಕು ತಿಂಗಳು ತಡೆಯುವುದಿಲ್ಲ, ಪಾಲಿಯುರೆಥೇನ್ ಹಾಕಿಸಿ ಎಂದ. ಅದು ಎಂತದು ಎಂದು ಮಾವ ಕೇಳಿದರು. ಅವನು ಮೊಬೈಲಿನಲ್ಲಿ ಚಿತ್ರ ತೋರಿಸಿದ. ಅರಶಿನದಂಥ ಹಳದಿ ಬಣ್ಣದ ಬುಷ್ಷುಗಳು.

ಮಾವ ನೋಡಿ ಕಣ್ಣು ಕಿರಿದು ಮಾಡಿದರು. "ಪ್ಲಾಸ್ಟಿಕ್ಕು."

"ಪ್ಲಾಸ್ಟಿಕ್ ಅಲ್ಲ ಗೌಡ್ರೇ, ಪಿ.ಯು."

"ಹೆಸರು ಗಿಡ್ಡ ಮಾಡಿದ್ರೆ ಜಾತಿ ಬದಲಾಗ್ತದಾ?"

"ನಿಮ್ಮ ಮರಕ್ಕೆ ಮಳೆಗಾಲದಲ್ಲಿ ನೀವೇ ಪ್ಲಾಸ್ಟಿಕ್ ಲಂಗ ಕಟ್ತೀರಲ್ಲ" ಎಂದ ಅವನು. ನಿಜವೇ. ಗೀರಿದ ಜಾಗಕ್ಕೆ ಮಳೆನೀರು ಇಳಿಯದಂತೆ ರಬ್ಬರ್ ಮರಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಸುತ್ತುತ್ತಾರೆ. ಮಾವ ಇಂಗು ತಿಂದ ಮಂಗನಂತಾದರು. ಆದರೂ, ಅದು ಮರಕ್ಕೆ ಕೊಡೆ ಇದ್ದ ಹಾಗೆ, ಕೊಡೆಯನ್ನು ಯಾರಾದರೂ ನುಂಗುತ್ತಾರೆಯೇ ಎಂದು ಹೇಳಿ ಎದ್ದು ಬಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು!

ಮುಂದಿನದ್ದನ್ನು ರಬ್ಬರ್ ಬೆಳೆಯುವವರು ಮಾತ್ರ ಮಾಡಲು ಸಾಧ್ಯ. ಪೇಟೆಯ ರಬ್ಬರ್ ಸರಿಯಿಲ್ಲದಿದ್ದರೆ ಏನು, ನನ್ನ ತೋಟದಲ್ಲಿ ಹಾಲಿಲ್ಲವೇ ಎಂದು ಮಾವ ತಾವೇ ಬುಷ್ ಮಾಡಲು ಕೂತರು! ಬಿದಿರಿನ ತುಂಡುಗಳನ್ನು ಅಚ್ಚು ಮಾಡಿಕೊಂಡರು. ಹಾಲು ಹೊಯ್ದು, ಆಸಿಡ್ ಬೆರೆಸಿ, ಹೊಗೆಗೂಡಿನಲ್ಲಿ ಹನ್ನೊಂದು ದಿನ ನೇತುಹಾಕಿದರು. ಕತ್ತಿಯಿಂದ ಕೆತ್ತಿ ನಡುವೆ ತೂತು ಕೊರೆದರು. ಆರು ಬುಷ್ಷುಗಳನ್ನು ಬಾಳೆಲೆಯಲ್ಲಿ ಸುತ್ತಿ ಗ್ಯಾರೇಜಿಗೆ ಒಯ್ದಾಗ ಮೆಕ್ಯಾನಿಕ್ ಪ್ರಸಾದವೆಂದು ತಿಳಿದು ಕೈ ಒರೆಸಿಕೊಂಡನಂತೆ. ಗಂಧಕ ಸೇರಿಸಿ ಬೇಯಿಸದ ಹಸಿ ರಬ್ಬರ್ ಕಾರಿಗೆ ನಿಲ್ಲುವುದಿಲ್ಲ ಎಂದು ಬೇಡಿಕೊಂಡ. ಮಾವ ಕೇಳಬೇಕಲ್ಲ! ಕೊನೆಗೆ, ಊರೊಳಗೇ ಒಂದು ಸುತ್ತು, ಅತ್ತೆಯನ್ನು ಮಾತ್ರ ಕೂರಿಸಬಾರದು ಎಂಬ ಷರತ್ತಿನ ಮೇಲೆ ಹಾಕಿಕೊಟ್ಟ.

ಅತ್ತೆಯ ಬದಲಿಗೆ ಕೂತವಳು ನಾನು. ಭಾನುವಾರ ಸುಮ್ಮನೆ ಊಟಕ್ಕೆಂದು ಹೋಗಿದ್ದೆ, ಏನು ಗ್ರಹಚಾರವೋ. ಮೊದಲ ಒಂದು ಕಿಲೋಮೀಟರ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆಮೇಲೆ ಬಿಸಿಲು ಏರಿತು. ಒಳಗಿನ ರಬ್ಬರ್ ಬೆಲ್ಲದ ಪಾಕವಾಗತೊಡಗಿತು. ಮಾವ ಬಲಕ್ಕೆ ತಿರುಗಿಸಿದರೆ ಕಾರು ಸ್ವಲ್ಪ ಯೋಚನೆ ಮಾಡಿ ಆಮೇಲೆ ಬಲಕ್ಕೆ ಹೋಗುತ್ತಿತ್ತು. ಅಂಟಿನ ವಾಸನೆಯೋ, ಹುಳಿ ಬಂದ ಹಾಲಿನ ವಾಸನೆಯೋ, ದಾರಿಯ ನಾಯಿಗಳೆಲ್ಲ ಎದ್ದು ಹಿಂದೆ ಹೊರಟವು. ನಾನು ಕಿಟಕಿಯಿಂದ ಎಣಿಸಿದೆ, ಏಳು! ಮೆರವಣಿಗೆ ಮನೆಯ ಅಂಗಳ ತಲುಪಿದಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು. ನಮ್ಮನ್ನು ನೋಡಿದರು, ನಾಯಿಗಳನ್ನು ನೋಡಿದರು.

"ನಾಯಿಗಳಿಗೂ ಗೊತ್ತುಟ್ಟು ಇದ್ ಯಾರ ಕಾರ್ ಅಂತ" ಎಂದರು.

ಹೇಳಿ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಕಾಯಿಲೆ ಬಂದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಮಾವ ಅವಮಾನವನ್ನು ಮರೆತು ಅವರನ್ನೇ ನೋಡುತ್ತಾ ನಿಂತರು.

ಮತ್ತೆ ಪೇಟೆಯ ರಬ್ಬರೇ ಬಂತು. ಮೂರು ತಿಂಗಳು ಓಡಿತು. ಒಂದು ಶುಕ್ರವಾರ ನಾನು ಗಂಜಿ ಹಿಡಿದು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದೇನೆ, ಗಂಟೆ ಹತ್ತಾಯಿತು, ಹನ್ನೊಂದಾಯಿತು, ಕಾರಿಲ್ಲ. ಘಾಟಿಯಲ್ಲಿ, ಜೋಡುಪಾಲದ ತಿರುವಿನಲ್ಲಿ ಬುಷ್ ಒಡೆದು, ಚಕ್ರ ಒಂದು ಕಡೆ ಎಳೆದು, ಕಾರು ರಸ್ತೆಯ ಅಂಚಿಗೆ ಹೋಗಿ ನಿಂತಿತ್ತು. ದೇವರು ದೊಡ್ಡವನು, ಯಾರಿಗೂ ಪೆಟ್ಟಾಗಲಿಲ್ಲ. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಜೀಪು ಸಿಕ್ಕಿ ಅವರು ತಲುಪುವಾಗ ಅತ್ತೆಯ ಸರದಿ ಮುಗಿದಿತ್ತು. ಮೆಷಿನ್ನುಗಳ ಪಕ್ಕದ ಹಾಸಿಗೆಗಳಲ್ಲೆಲ್ಲ ಬೇರೆಯವರು ಮಲಗಿದ್ದರು. ಮರುದಿನ ಮಧ್ಯಾಹ್ನಕ್ಕೆ ಜಾಗ ಮಾಡಿಕೊಡುತ್ತೇವೆ ಎಂದರು ಆಸ್ಪತ್ರೆಯವರು.

ಅಂದು ಇಬ್ಬರೂ ನನ್ನ ಮನೆಯಲ್ಲೇ ಉಳಿದರು. ಶನಿವಾರ ಬೆಳಿಗ್ಗೆ ನೋಡಿದರೆ ಅತ್ತೆಯ ಮುಖ ಊದಿತ್ತು. ನೀರು ಬೇಕು ಎನ್ನಲು ಎರಡು ಸಲ ಉಸಿರು ತೆಗೆದುಕೊಂಡರು. ನನಗೆ ಎಲ್ಲಿತ್ತೋ ಸಿಟ್ಟು. ಅಡುಗೆಮನೆಗೆ ಮಾವನನ್ನು ಕರೆದು, "ನಿಮ್ಮ ರಬ್ಬರ್ ಹಟಕ್ಕೆ ಅತ್ತೆಯನ್ನ ಬಲಿ ಕೊಡ್ಬೇಡಿ ಮಾವ" ಅಂದುಬಿಟ್ಟೆ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟ ಸುತ್ತಿಸಿದ ಮನುಷ್ಯನಿಗೆ ಹೇಳುವ ಮಾತೇ ಅದು? ಮಾವ ಹೋಗಿ ಅತ್ತೆಯ ಕಾಲು ನೀವುತ್ತಾ ಕೂತರು. ಮಧ್ಯಾಹ್ನ ಡಯಾಲಿಸಿಸ್ ಆಗಿ ಅತ್ತೆ ಚೇತರಿಸಿಕೊಂಡರು. ನನ್ನ ಮಾತು ಮಾತ್ರ ನನಗೆ ಇಂದಿಗೂ ಚುಚ್ಚುತ್ತದೆ.

ಸೋಮವಾರ ಮಾವ ತಾವಾಗಿಯೇ ಗ್ಯಾರೇಜಿಗೆ ಹೋಗಿ ಆ ಹಳದಿಯದ್ದನ್ನೇ ತರಿಸು ಅಂದರಂತೆ. ಕೊರಿಯರಿನಲ್ಲಿ ಬರುವ ತನಕ ಜೀಪಿನಲ್ಲೇ ಓಡಾಟ. ಬಂದ ಭಾನುವಾರ ನನಗೂ ಫೋನು ಬಂತು. ನಾನು ಹೋಗುವಾಗ ಮೆಕ್ಯಾನಿಕ್ ಹಳೆಯ ರಬ್ಬರನ್ನು ಒತ್ತಿ ತೆಗೆದು, ಹೊಸ ಬುಷ್ಷುಗಳಿಗೆ ಬೆಣ್ಣೆ ಸವರಿದ ಹಾಗೆ ಗ್ರೀಸ್ ಸವರುತ್ತಿದ್ದ. ಗ್ರೀಸ್ ಕಡಿಮೆಯಾದರೆ ಇವು ಕಿರುಗುಟ್ಟುತ್ತವಂತೆ. ಮಾವ ಒಂದನ್ನು ಕೈಗೆತ್ತಿಕೊಂಡರು. ಉಗುರಿನಿಂದ ಒತ್ತಿದರು, ಮೂಸಿದರು.

"ವಾಸನೆನೇ ಇಲ್ಲೆ" ಎಂದರು ನನ್ನ ಕಡೆ ತಿರುಗಿ. ವಾಸನೆಯಿಲ್ಲದ್ದನ್ನು ನಂಬುವುದು ಹೇಗೆ ಎನ್ನುವ ಚಿಂತೆ ಅವರಿಗೆ ನಿಜವಾಗಿಯೂ ಇತ್ತು.

ಕೆಲಸ ಮುಗಿದ ಮೇಲೆ ಮಾವ, ಗ್ಯಾರೇಜಿಗೆ ಬಂದಿದ್ದ ಅತ್ತೆಯನ್ನು ಮುಂದೆ, ನನ್ನನ್ನು ಹಿಂದೆ ಕೂರಿಸಿಕೊಂಡು ಘಾಟಿಯ ಬುಡದ ತನಕ ಹೋಗಿಬಂದರು. ತಿರುವಿನಲ್ಲಿ ಕಾರು ಹಳಿಯ ಮೇಲಿದ್ದಂತೆ ಸಾಗಿತು. ಬ್ರೇಕ್ ಹಿಡಿದರೆ ಮೂತಿ ನೇರ. ಕಟಕ್ ಸದ್ದೇ ಇಲ್ಲ. ಆದರೆ ರಬ್ಬರಿನ ಮೆದುತನ ಇದಕ್ಕಿಲ್ಲ. ದಾರಿಯ ಪ್ರತಿ ಕಲ್ಲೂ ತನ್ನ ಹೆಸರು ಹೇಳಿಕೊಂಡೇ ಒಳಗೆ ಬರುತ್ತಿತ್ತು. ಒಂದೊಂದು ಕುಲುಕಿಗೂ ಮಾವ ಅತ್ತೆಯ ಎಡಗೈ ನೋಡುತ್ತಿದ್ದರು. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈ ಅದು. ಕುಲುಕಿದರೆ ಕುಲುಕಲಿ, ನಡುದಾರಿಯಲ್ಲಿ ನಿಲ್ಲದಿದ್ದರೆ ಸಾಕು ಎಂದು ಅತ್ತೆಯೇ ಸಮಾಧಾನ ಹೇಳಿದರು. ಇನ್ನು ಮಾವ ಪ್ಲಾಸ್ಟಿಕ್ಕಿನ ಜನ್ಮ ಜಾಲಾಡುತ್ತಾರೆ ಎಂದು ನಾನು ಕಾದೆ. ಜಾಲಾಡಲಿಲ್ಲ. ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ ಮೆಕ್ಯಾನಿಕನನ್ನು ಅತ್ತೆಯ ಕಿಟಕಿಯ ಹತ್ತಿರ ಕರೆದರು.

"ಇದು ಎಷ್ಟು ವರ್ಷ ಬರ್ತದೆ ಅಂತ ನನಗೆ ಹೇಳಿದ್ದೆಯಲ್ಲ, ಅದನ್ನ ಇವಳಿಗೆ ಹೇಳು."

"ಹತ್ತು ವರ್ಷ ಅಮ್ಮ" ಎಂದ ಅವನು.

"ಇನ್ನೊಂದು ಸಲ ಹೇಳು."

"ಹತ್ತು ವರ್ಷ ಏನೂ ತೊಂದ್ರೆ ಇಲ್ಲ."

ಆಗ ನನಗೆ ಅರ್ಥವಾಯಿತು. ನಾಲ್ಕು ವರ್ಷದಿಂದ ಮಾವ ಡಾಕ್ಟರುಗಳ ಕೋಣೆಯ ಬಾಗಿಲಲ್ಲಿ ನಿಂತು ಇದೊಂದೇ ಪ್ರಶ್ನೆ ಕೇಳುತ್ತಿದ್ದರು, ಇನ್ನು ಎಷ್ಟು ವರ್ಷ ಎಂದು. ಒಳ್ಳೆಯ ಡಾಕ್ಟರುಗಳೇ. ಆದರೆ ಅವರಾದರೂ ಏನು ಹೇಳಿಯಾರು? ನೋಡೋಣ ಎಂದು ಹೇಳಿ ರಿಪೋರ್ಟಿನ ಕಡೆಗೆ ಕಣ್ಣು ತಗ್ಗಿಸುತ್ತಿದ್ದರು. ಇದೇ ರಸ್ತೆಯಲ್ಲಿ, ಅತ್ತೆಯ ಎದುರಿನಲ್ಲೇ, ಹತ್ತು ವರ್ಷ ಎಂದು ಬಾಯಿಬಿಟ್ಟು ಹೇಳಿದ ಮೊದಲ ಮನುಷ್ಯ ಈ ಮೆಕ್ಯಾನಿಕ್. ಆ ಒಂದು ಮಾತಿಗಾಗಿ ನಮ್ಮ ಮಾವ ರಬ್ಬರನ್ನೇ ಬಿಟ್ಟುಕೊಟ್ಟಿದ್ದರು.

ಅತ್ತೆಗೂ ಅದು ಗೊತ್ತಾಗಿರಬೇಕು. ಮಾವನ ಮುಖ ನೋಡಿದರು. ಆಮೇಲೆ ಮೆಕ್ಯಾನಿಕನ ಕಡೆ ತಿರುಗಿ ಕೇಳಿದರು.

"ಹತ್ತು ವರ್ಷ ಆದ ಮೇಲೆ?"

"ಆಮೇಲೆ ಬನ್ನಿ ಅಮ್ಮ, ಹೊಸತು ಹಾಕುವ."

"ಬರ್ತೇವೆ" ಎಂದರು ಅತ್ತೆ.

ಮಾವ ಮುಖ ಮರೆಸಿಕೊಂಡು ಬಗ್ಗಿ ಸೀಟಿನ ಕೆಳಗೆ, ಜೇಬಿನಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ ಕಾರಿನ ಕೀ ಹುಡುಕತೊಡಗಿದರು. ಕೀ ಅವರ ಕೈಯಲ್ಲೇ ಇತ್ತು.