ಸ್ನೇಹಪೂರ್ವಕ ಡಿಕ್ಕಿ

ಒರಾಸಿಯು: ಸಹಿ ಹಾಕ್ಬೇಡ ಅಂದ್ರೆ ಹಾಕ್ಬೇಡ! ಹಾಕಿದ್ಯೋ, ಕಾರಿನ ಕೀಲಿ ಇನ್ನು ನನ್ನ ಜೇಬಲ್ಲೇ!

ಜಸಿಂತಾ: ಅಪ್ಪ, ಇದು ಅಪಘಾತದ ಫಾರಂ ಅಷ್ಟೇ. ಎರಡೂ ಕಡೆಯವರು ಸಹಿ ಹಾಕಿದ್ರೆ ವಿಮೆಯವರು ಬೇಗ ಮುಗಿಸ್ತಾರೆ.

ಒರಾಸಿಯು: ಮೇಲೆ ಏನಂತ ಬರ್ದಿದೆ, ಓದು.

ಜಸಿಂತಾ: 'ಸ್ನೇಹಪೂರ್ವಕ ಹೇಳಿಕೆ.'

ಒರಾಸಿಯು: ಎಲ್ಲಿದೆ ಸ್ನೇಹ? ಆ ಅದೆಲಿನು ಜೊತೆ ಮಾತು ಬಿಟ್ಟು ಒಂಬತ್ತು ವರ್ಷ ಆಯ್ತು. ಸುಳ್ಳು ಹೇಳಿಕೆ ಕೊಡ್ತೀಯಾ?

ಜಸಿಂತಾಳಿಗೆ ಹದಿನೆಂಟು ವರ್ಷ. ಲೈಸೆನ್ಸ್ ಬಂದು ತಿಂಗಳಾಗಿಲ್ಲ, ಅಷ್ಟರಲ್ಲೇ ಎದುರುಮನೆ ಅದೆಲಿನುವಿನ ನಿಂತಿದ್ದ ಹಳದಿ ವ್ಯಾನಿಗೆ ಗುದ್ದಿದ್ದಾಳೆ. ಅಪ್ಪ ಪಕ್ಕದ ಸೀಟಿನಲ್ಲೇ ಇದ್ದ. ಯಾರಿಗೂ ಪೆಟ್ಟಿಲ್ಲ, ಪುಣ್ಯ. ಆದರೆ ಸೋಮವಾರದಿಂದ ಅವಳು ಎವೊರಾ ಪಟ್ಟಣದ ನರ್ಸಿಂಗ್ ಶಾಲೆಗೆ ಹೋಗಬೇಕು. ನಮ್ಮೂರಿನಿಂದ ಆ ಹೊತ್ತಿಗೆ ಬಸ್ಸಿಲ್ಲ. ಕೀಲಿ ಸಿಗದಿದ್ದರೆ ಓದಿಗೂ ಬೀಗ.

ಒರಾಸಿಯು: ದೀಪದ ಕಂಬಕ್ಕೆ ಗುದ್ದಿದೆ ಅಂತ ಬರಿ.

ಜಸಿಂತಾ: ಕಂಬದಿಂದ ಬಂಪರಿಗೆ ಹಳದಿ ಬಣ್ಣ ಹತ್ತುತ್ತಾ? ಗುದ್ದಿದವಳು ನಾನು. ಇದ್ದದ್ದನ್ನೇ ಬರೀತೀನಿ.

ವ್ಯಾನಿಗೆ ಒರಗಿ ನಿಂತಿದ್ದ ಅದೆಲಿನುವಿಗೆ ಎಲ್ಲವೂ ಕೇಳಿಸುತ್ತಿತ್ತು.

ಅದೆಲಿನು: ಮಗೂ, ನನ್ನ ವ್ಯಾನು ಕಂಬ ಅಲ್ಲ ಅಂತ ನಿಮ್ಮಪ್ಪನಿಗೆ ಹೇಳು.

ಒರಾಸಿಯು: ಕಂಬ ಆಗಿದ್ರೇ ವಾಸಿ ಅಂತ ಅವನಿಗೆ ಹೇಳು! ಕಂಬ ತನ್ನ ಜೊತೆಗಾರನ ಎಕ್ಕದ ಮೇಲೆ ತುರುಪು ಹೊಡೆಯಲ್ಲ!

ಜಗಳದ ಮೂಲ ಇದೇ. ಕಾಫಿ ಅಂಗಡಿಯ ಇಸ್ಪೀಟು ಪಂದ್ಯದ ಕೊನೆಯಾಟದಲ್ಲಿ ಇಬ್ಬರೂ ಒಂದೇ ಜೋಡಿ. ಒರಾಸಿಯು ಎಕ್ಕ ಇಳಿಸಿದ, ಅದೆಲಿನು ಅದರ ಮೇಲೆ ತುರುಪು ಒಗೆದ. ಪಂದ್ಯವೂ ಹೋಯಿತು, ಮಾತೂ ಹೋಯಿತು.

ಅದೆಲಿನು: ಮಗೂ, ಅವನಿಗೆ ಹೇಳು...

ಜಸಿಂತಾ: ಇಬ್ಬರಿಗೂ ಕಿವಿ ಇದೆಯಲ್ಲ! ನಾನು ಕಲ್ತಿದ್ದು ಕಾರು ಓಡಿಸೋದನ್ನ, ಅಂಚೆ ಹಂಚೋದನ್ನಲ್ಲ.

ಫಾರಮ್ಮನ್ನು ಬಾನೆಟ್ಟಿನ ಮೇಲಿಟ್ಟು ಬರೆಯತೊಡಗಿದಳು.

ಜಸಿಂತಾ: 'ಚಾಲಕಿ ರಸ್ತೆ ಬಿಟ್ಟು ಎಡಗಡೆ ನೋಡುತ್ತಿದ್ದಳು.'

ಅದೆಲಿನು: ಎಡಗಡೆ ಏನಿತ್ತಮ್ಮ?

ಜಸಿಂತಾ: ನಮ್ಮನೆ ಗೋಡೆ. ಬಲಗಡೆ ನೀವಿದ್ರಿ ಮಾಮ. ನಿಮ್ಮನೆ ಬಂದಾಗ ಮುಖ ತಿರುಗಿಸ್ಬೇಕು ಅಂತ ಚಿಕ್ಕಂದಿನಿಂದ ಅಪ್ಪನ ಕಟ್ಟಪ್ಪಣೆ. ಇವತ್ತು 'ತಿರುಗಿಸೇ!' ಅಂತ ಕಿರುಚಿದ್ರು ಬೇರೆ.

ಒರಾಸಿಯು: ತಿರುಗಿಸು ಅಂದಿದ್ದು ಮುಖಾನ! ಸ್ಟೀರಿಂಗ್‌ನಲ್ಲ!

ಜಸಿಂತಾ: ಎರಡೂ ತಿರುಗ್ತು, ಮುಖ ಎಡಕ್ಕೆ, ಸ್ಟೀರಿಂಗ್ ಬಲಕ್ಕೆ. ಯಾರೇನೇ ಹೇಳಿದ್ರೂ ರಸ್ತೆ ನೋಡ್ಬೇಕಾದವಳು ನಾನು. ತಪ್ಪು ನಂದೇ.

ಅದೆಲಿನು ತಲೆ ಕೆರೆದುಕೊಂಡ.

ಅದೆಲಿನು: ಹಾಗಾದ್ರೆ ನಂದೂ ಸೇರಿಸು. ನಿಮ್ಮನೆ ಕಡೆ ನೋಡಬಾರ್ದು ಅಂತ ಕತ್ತು ತಿರುಗಿಸ್ಕೊಂಡೇ ನಿಲ್ಲಿಸಿದ್ದೆ. ವ್ಯಾನಿನ ಅರ್ಧ ಬೀದಿಯಲ್ಲೇ ಇದೆ.

ಒರಾಸಿಯು ಆಗ ವ್ಯಾನಿನತ್ತ ನೋಡಿದ. ತಡೆದುಕೊಂಡರೂ ನಗು ಬಂದೇಬಿಟ್ಟಿತು.

ಒರಾಸಿಯು: ಲೋ ಅದೆಲಿನು, ಅವತ್ತು ತುರುಪು ಯಾಕೋ ಹೊಡೆದೆ?

ಅದೆಲಿನು: ಕೈಯಲ್ಲಿ ಬೇರೆ ಎಲೆ ಇರ್ಲಿಲ್ಲ ಕಣೋ. ಇದ್ದದ್ದೆಲ್ಲ ತುರುಪೇ!

ಒರಾಸಿಯು: ಒಂಬತ್ತು ವರ್ಷದಲ್ಲಿ ಒಂದ್ಸಲ ಹೇಳೋಕಾಗ್ಲಿಲ್ವಾ?

ಅದೆಲಿನು: ನೀನು ಈ ಕಡೆ ನೋಡಿದ್ರಲ್ವೇನೋ ಹೇಳೋದು!

ಒರಾಸಿಯು ಜೇಬಿನಿಂದ ಕೀಲಿ ತೆಗೆದು ಮಗಳ ಕೈಗಿಟ್ಟ.

ಒರಾಸಿಯು: ಸಹಿ ಹಾಕು, ಸೋಮವಾರ ಹೋಗು. ಇವನ ಮನೆ ಮುಂದೆ ಮಾತ್ರ ನೋಡ್ಕೊಂಡು ಹೋಗು.

ಅದೆಲಿನು: ನೋಡಿದ್ರೆ ಸಾಲ್ದು ಮಗೂ, ಕೈಯನ್ನೂ ಬೀಸು.

ಜಸಿಂತಾ: ಅದಾಗಲ್ಲ ಮಾಮ. ನನ್ನ ಕೈ ಎರಡೂ ಸ್ಟೀರಿಂಗ್ ಮೇಲೇ ಇರುತ್ತೆ. ಬೀಸೋಕೆ ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬರ್ತೀನಿ.